ಹತ್ತೊಂಬತ್ತು ಲೀಟರಿನ ಅಳಿಯ

ವಿದೇಶದಿಂದ ರಜೆಗೆ ಬರುವ ನೆಂಟರಲ್ಲಿ ಹಲವು ಪಂಗಡಗಳಿವೆ. ಬಾಟಲಿ ನೀರಿಲ್ಲದೆ ಬಾಯಿ ಮುಕ್ಕಳಿಸದವರದು ಒಂದು. ನಮ್ಮೂರ ದಾರಿಯ ಜಾಂಬೋಟಿ ದಾಟುವ ಮೊದಲೇ ‘ಎಕರೆಗೆ ಈಗ ಎಷ್ಟು ನಡದದ?’ ಎಂದು ಕೇಳುವವರದು ಇನ್ನೊಂದು. ಇವರನ್ನೆಲ್ಲ ಹೇಗೋ ಸಹಿಸಬಹುದು. ಮನೆಯಲ್ಲೇ ಬಿಯರ್ ಮಾಡುವವನನ್ನು ಸಹಿಸುವುದು ಕಷ್ಟ. ಅವನು ಕುಡುಕನಲ್ಲ, ಆಗಿದ್ದರೆ ರಾತ್ರಿ ಹೊತ್ತಾದರೂ ಮಲಗಿ ನಮ್ಮನ್ನೂ ಮಲಗಲು ಬಿಡುತ್ತಿದ್ದ. ಇವನು ಅರ್ಧ ಗ್ಲಾಸು ಕುಡಿದು ಮೂರು ತಾಸು ವಿವರಿಸುತ್ತಾನೆ.

ಇಂಥವನನ್ನು ಗುರುತಿಸುವುದು ಸುಲಭ. ಏನೇ ಕೊಟ್ಟರೂ ಬಾಯಿಗಿಂತ ಮೊದಲು ಮೂಗಿಗೆ ಒಯ್ಯುತ್ತಾನೆ. ಚಹಾವನ್ನೂ ಬೆಳಕಿಗೆ ಹಿಡಿದು ನೋಡುತ್ತಾನೆ. ‘ತೊಳೆದದ್ದು ಬ್ಯಾರೆ, ಸ್ಯಾನಿಟೈಸ್ ಆಗಿದ್ದು ಬ್ಯಾರೆ’ ಎಂದು, ಪಾತ್ರೆ ತೊಳೆದವರ ಎದುರಿಗೇ ಹೇಳುತ್ತಾನೆ.

ನಮ್ಮ ಪಾಲಿಗೆ ಬಂದವನು ನನ್ನ ಅಕ್ಕನ ಮಗ. ಇರುವುದು ಸಿಯಾಟಲ್‌ನಲ್ಲಿ. ಅಲ್ಲಿಯ ಶಾಲೆಗಳಿಗೆ ರಜೆ ಸಿಗುವುದು ಆಗ ಎಂಬ ಕಾರಣಕ್ಕೆ ಅವನು ಹೆಂಡತಿ ಮಕ್ಕಳೊಡನೆ ನಮ್ಮೂರು ಕಣಕುಂಬಿಗೆ ಬರುವುದು ಜುಲೈನಲ್ಲಿ. ಜುಲೈನ ಕಣಕುಂಬಿಯನ್ನು ಬಲ್ಲವರು ಆಗ ಬರುವುದಿಲ್ಲ. ಚೋರ್ಲಾ ಘಾಟಿನ ಕಡೆ ಮರ ಬಿದ್ದಿರುತ್ತದೆ, ಕರೆಂಟು ಹೋಗಿರುತ್ತದೆ, ಫೋನಿಗೆ ರೇಂಜ್ ಇರುವುದಿಲ್ಲ. ಮಾತಾಡುವವನಿಗೆ ಇಷ್ಟು ಅನುಕೂಲ, ಕೇಳುವವನಿಗೆ ಇಷ್ಟು ಅನನುಕೂಲ ಬೇರೆಲ್ಲೂ ಒದಗಲಾರದು.

ವಿಷಯ ಒಂದೇ: ಡ್ರೈ ಹಾಪಿಂಗ್. ಹಾಪ್ ಎಂದರೆ ಒಂದು ಬಳ್ಳಿಯ ಹೆಣ್ಣು ಹೂವು. ಅಮೆರಿಕದ ಹಾಪಿನ ಬಹುಪಾಲು ಬೆಳೆಯುವ ಯಾಕಿಮಾ ಕಣಿವೆ ಅವನ ಊರಿನಿಂದ ಕಾರಿನಲ್ಲಿ ಒಂದು ಬೆಳಗಿನ ದಾರಿ. ಈ ಹೂವನ್ನು ಕುದಿಯುವಾಗ ಹಾಕಿದರೆ ಬಿಯರಿಗೆ ಕಹಿ ಬರುತ್ತದೆ, ಪರಿಮಳ ಹಬೆಯೊಡನೆ ಹಾರಿಹೋಗುತ್ತದೆ. ಅದನ್ನೇ ಒಲೆ ಆರಿಸಿ, ಹುದುಗೂ ತಣ್ಣಗಾದ ಮೇಲೆ, 19 ಲೀಟರಿಗೆ ಐವತ್ತು ಅರವತ್ತು ಗ್ರಾಂನಂತೆ ಹಾಕಿ ಮೂರ್ನಾಲ್ಕು ದಿನ ಬಿಟ್ಟರೆ ಹೂವಿನ ಎಣ್ಣೆಯ ಪರಿಮಳ ಬಿಯರಿಗೆ ಇಳಿಯುತ್ತದೆ. ಕೆಲವು ಸಲ ಹಾಪಿನಲ್ಲಿರುವ ಕಿಣ್ವಗಳು ಉಳಿದ ಪಿಷ್ಟದ ಚೂರುಗಳನ್ನು ಸಕ್ಕರೆ ಮಾಡಿಬಿಡುತ್ತವಂತೆ. ಮುಗಿದೇಹೋಯಿತು ಎಂದುಕೊಂಡಿದ್ದ ಹುದುಗು ಮತ್ತೆ ಶುರುವಾಗುತ್ತದಂತೆ. ಇದನ್ನು ನಾನು ತಕ್ಷಣ ನಂಬಿದೆ. ಅವನ ಮಾತೂ ಹಾಗೆಯೇ.

ಇತಿಹಾಸವೂ ಬಿಟ್ಟಿರಲಿಲ್ಲ. ಮನೆಯಲ್ಲಿ ಬಿಯರ್ ಮಾಡಲು ಅವಕಾಶ ಕೊಟ್ಟ ಕಾಯ್ದೆಗೆ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಥೆಯನ್ನು ಸ್ವಾತಂತ್ರ್ಯ ಸಂಗ್ರಾಮದ ಧಾಟಿಯಲ್ಲಿ ಹೇಳಿದ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಲಂಡನ್ನಿನ ಹಾಡ್ಜ್‌ಸನ್ ಎಂಬವನು ಭಾರತಕ್ಕೆ ಬಿಯರ್ ಕಳಿಸುತ್ತಿದ್ದ ಕಾಲಕ್ಕೂ ಹೋದ. ಹಡಗಿನ ದಾರಿಯಲ್ಲಿ ಕೆಡದಿರಲೆಂದು ಹಾಪ್ ಹೆಚ್ಚು, ಪೀಪಾಯಿಗೆ ಬೇರೆ ಒಂದಿಷ್ಟು. “ನಮ್ಮ ದೇಶಕ್ಕಂತನ ಮಾಡಿದ್ದು ಮಾಮಾ!” ಎಂದ. “ನಮಗಂತ ಅಲ್ಲೋ, ನಮ್ಮನ್ನ ಆಳೋರಿಗಂತ” ಎಂದೆ. ಅದು ಅವನ ಕಿವಿಗೆ ಬೀಳಲಿಲ್ಲ.

ದೂರಲು ನನಗೂ ಬಾಯಿಲ್ಲ. ಯಾರಾದರೂ ಕೈಗೆ ಸಿಕ್ಕರೆ ಮಾವುಲಿ ಗುಡಿಯ ಹತ್ತಿರ ಹುಟ್ಟುವ ಮಲಪ್ರಭೆಯ ಜೊತೆಗೇ ಅವರನ್ನು ಕೂಡಲಸಂಗಮದವರೆಗೆ ನಡೆಸದೆ ಬಿಡುವವನಲ್ಲ ನಾನು. ಆದರೆ ಹೊಳೆಯನ್ನು ತಂದು ಯಾರ ಬರಣಿಗೂ ಹಾಕಿಲ್ಲ.

ಅವನು ಹಾಕಿದ. ಬಿಯರ್ ಮಾಡುತ್ತೇನೆಂದು ಹೊರಟವನಿಗೆ ನಾನು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಮಾತೆತ್ತಿ, ಲೈಸೆನ್ಸಿಲ್ಲದೆ ಇಲ್ಲಿ ಮದ್ಯ ಮಾಡಿದರೆ ಜೈಲು, ನಿವೃತ್ತ ಮಾಸ್ತರನ ಪಿಂಚಣಿಯ ಮೇಲೆ ಕಲ್ಲು ಎಂದು ಹೆದರಿಸಿದ್ದೆ. ಮೂರು ದಿನ ಮುಖ ಸಣ್ಣದು ಮಾಡಿಕೊಂಡು ಓಡಾಡಿದ. ನಾಲ್ಕನೆಯ ದಿನ ವಿಪರೀತ ಗೆಲುವಾಗಿದ್ದ. ಆಷಾಢ ಏಕಾದಶಿ. ಸಂಜೆ ಭಜನೆಗೆ ಬಂದ ಉಪವಾಸದ ಮಂದಿಗೆ ನನ್ನಾಕೆ, ಮೇ ತಿಂಗಳಲ್ಲಿ ಮಾಡಿಟ್ಟ ಕೋಕಂ ಪಾಕಕ್ಕೆ ನೀರು ಬೆರೆಸಿ ಶರಬತ್ತು ಕೊಟ್ಟಳು. ಮೊದಲ ಗುಟುಕಿಗೇ ತಾಳ ನಿಂತಿತು.

“ಏನ ವಾಸನಿ ಬರ್ತದ ಹೇಳ್ರಿ?” ಅಳಿಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

ಒಬ್ಬರು ಕಿತ್ತಳೆ ಸಿಪ್ಪೆ ಎಂದರು. ಇನ್ನೊಬ್ಬರು ಈಗಷ್ಟೇ ಕೊಯ್ದ ಹುಲ್ಲು ಎಂದರು. ಹಾರ್ಮೋನಿಯಂ ನುಡಿಸುವ ಹಿರಿಯರು ಮಾತ್ರ ಗ್ಲಾಸು ಬರಿದು ಮಾಡಿ, “ಇದು ಯಾವ ವೈದ್ಯರ ಕಷಾಯರಿ? ಮೊಣಕಾಲಿಗೆ ಛೊಲೊ ಇರಬೇಕು, ಇನ್ನೊಂದೀಟು ಹಾಕ್ರಿ” ಎಂದರು. ಯಾಕಿಮಾ ಕಣಿವೆಗೆ ಇದಕ್ಕಿಂತ ದೊಡ್ಡ ಅವಮಾನ ಆಗಿರಲಾರದು. ಅಳಿಯ ಅವರ ಪಕ್ಕ ಕುಳಿತು ಹಾಪಿನ ವಂಶಾವಳಿ ಬಿಚ್ಚಿದ. ಅದೂ ಗಾಂಜಾವೂ ಒಂದೇ ಕುಟುಂಬದ ಗಿಡಗಳು, ಆದರೆ ಇದರಲ್ಲಿ ಆ ಅಮಲಿಲ್ಲ ಎಂದ. ಮೊದಲರ್ಧವಷ್ಟೇ ಎಲ್ಲರಿಗೂ ಕೇಳಿಸಿತು. “ಏಕಾದಶಿ ದಿನಾ ಗಾಂಜಾದ ಬಳಗಾನ ಮನಿಗೆ ಕರಕೊಂಡ ಬಂದ್ಯಾ?” ಎಂದಳು ನನ್ನಾಕೆ. ಮರುದಿನ ಅದಕ್ಕೂ ದೊಡ್ಡ ಅಪರಾಧ ಬಯಲಾಯಿತು. ದ್ವಾದಶಿಯ ಶ್ರೀಖಂಡಕ್ಕೆ ಮೊಸರು ಕಟ್ಟುವ ಅರಿವೆ ಕೋಕಂ ಬರಣಿಯ ತಳದಲ್ಲಿತ್ತು, ಹಾಪಿನ ಹಸಿರು ಗುಳಿಗೆಗಳ ಗಂಟಾಗಿ. ಎಷ್ಟು ಸಲ ಒಗೆದರೂ ಬಣ್ಣ ಹೋಗಲಿಲ್ಲ, ವಾಸನೆಯೂ ಹೋಗಲಿಲ್ಲ.

ಒಂದು ರಾತ್ರಿ ಕಂದೀಲಿನ ಮುಂದೆ ಇಬ್ಬರೇ ಕೂತಿದ್ದಾಗ ಕೇಳಿದೆ: “ನೀ ಕುಡಿಯೋದು ಶನಿವಾರಕ್ಕೊಂದು ಗ್ಲಾಸು. ನಿನ್ನ ಹೇಂತಿ ಮುಟ್ಟೂದಿಲ್ಲ. ಹತ್ತೊಂಬತ್ತು ಲೀಟರ್ ಯಾಕೋ?”

“ಅದಕ್ಕಿಂತ ಸಣ್ಣದು ಮಾಡಬಹುದು ಮಾಮಾ,” ಎಂದ. “ಆದ್ರ ಮಂದೀನ ಕರಿಯಾಕ ನೆಪ ಇರೂದಿಲ್ಲ. ಹಾಪಿನ ವಾಸನಿ ಭಾಳ ದಿನಾ ನಿಲ್ಲಂಗಿಲ್ಲ, ಕೆಲವು ವಾರದಾಗ ಸಪ್ಪಗಾಗ್ತದ. ‘ಹೊಸಾದು ಆಗೇದ, ಹೋಗೂದ್ರಾಗ ಬರ್ರಿ’ ಅಂದ್ರ ಬರ್ತಾರ. ಸುಮ್ನ ಬರ್ರಿ ಅಂದ್ರ ಕ್ಯಾಲೆಂಡರ್ ತಗೀತಾರ.”

ಅವತ್ತು ಮಾತ್ರ ಅವನು ಎರಡೇ ನಿಮಿಷ ಮಾತಾಡಿದ್ದು. ನಮ್ಮಲ್ಲಿ ನೆಪವೇ ಬೇಡ; ಮಳೆ ಸ್ವಲ್ಪ ಹೊಳವಾದರೆ ಸಾಕು, ಯಾರೋ ಒಬ್ಬರು ಕೊಡೆ ಮಡಚಿ ಪಡಸಾಲೆಗೆ ಬಂದಿರುತ್ತಾರೆ. ನಾನು ಒಳಗಿನಿಂದ ‘ಮತ್ತ ಬಂದ್ರು’ ಎಂದು ಗೊಣಗಿಕೊಂಡೇ ಚಹಾಕ್ಕೆ ಹೇಳುತ್ತೇನೆ. ಕೂಡಿಟ್ಟರೆ ಕೆಡುವ ವಸ್ತುವನ್ನೇ ಬೇಕೆಂದು ಮಾಡಿ, ಅದರ ಆಯಸ್ಸಿನೊಳಗೆ ನಾಲ್ಕು ಜನರನ್ನು ಸೇರಿಸುವವನ ಕಷ್ಟ ಹೀಗೆ ಗೊಣಗುವವರಿಗೆ ತಿಳಿಯದು. ಪುಕ್ಕಟೆ ಸಿಕ್ಕ ಜನರನ್ನು ನಾವು ಮಳೆಯಷ್ಟೇ ಅಗ್ಗ ಮಾಡಿದ್ದೇವೆ. ಇರಲಿ, ಮಾಸ್ತರಿಕೆಯ ಚಾಳಿ, ಪಾಠಕ್ಕೆ ಇಳಿದುಬಿಟ್ಟೆ.

ಈ ವರ್ಷವೂ ಬರುತ್ತಾನಂತೆ. ಹೋದ ವಾರ ಫೋನ್ ಮಾಡಿ, ಈ ಸಲ ಎರಡು ತಳಿಯ ಹಾಪ್ ಬೆರೆಸುವುದರ ಸೊಗಸನ್ನು ವಿವರಿಸಿ, ಕೊನೆಗೆ, “ಮಾಮಿ, ನಿಮಗ ಅಮೆರಿಕಾದಿಂದ ಏನ ತರಲಿ?” ಎಂದು ಕೇಳಿದ.

“ಒಂದು ಬಿಳೀ ಅರಿವಿ,” ಎಂದಳು ನನ್ನಾಕೆ. “ಮತ್ತ ಅದನ್ನ ನನ್ನ ಕೈಯಾಗ ಕೊಡು.”