71ನೇ ಕಲಮಿನವರಿಗೆ ಕೊಡಗಿನ ಸುಂಟಿಕೊಪ್ಪದ ಬಿನ್ನವತ್ತಳೆ

ಮಹಾಮಹಿಮ 71ನೇ ಕಲಮಿನವರೇ, ವೇದಿಕೆಯನ್ನು ಅಲಂಕರಿಸಿರುವ ತಮ್ಮ ಬಂಧುಗಳಾದ 26, 29 ಮತ್ತು 30ನೇ ಕಲಮುಗಳೇ, ತೋಟದೊಳಗೆ ಸರ್ವೆ ಕಲ್ಲು ಕಂಡ ದಿನದಿಂದ ನಿದ್ದೆಗೆಟ್ಟಿರುವ ನನ್ನ ಊರಿನವರೇ,

1894ರ ಭೂಸ್ವಾಧೀನ ಕಾಯ್ದೆಯ ಮನೆಯಲ್ಲಿ 27ನೇ ಕಲಮಾಗಿ ಹುಟ್ಟಿದ ತಾವು, ಬ್ರಿಟಿಷರು ಹಡಗು ಹತ್ತಿದರೂ ಇಲ್ಲೇ ಉಳಿದಿರಿ. 2013ರ ಹೊಸ ಕಾಯ್ದೆಯಲ್ಲಿ 71 ಎಂಬ ನಾಮಧೇಯ ಧರಿಸಿ, 2014ರ ಜನವರಿ 1ರಿಂದ ಮತ್ತೆ ಲೋಕಕಲ್ಯಾಣಕ್ಕೆ ತೊಡಗಿದಿರಿ. ಅಷ್ಟು ಕಾಲ ಕಳೆದರೂ ತಮ್ಮ ಮಾತು ಹೆಚ್ಚುಕಡಿಮೆ ಅದೇ: ಜಿಲ್ಲಾಧಿಕಾರಿ ಕಟ್ಟಿದ ಬೆಲೆ ಪರಿಹಾರದ ತಕರಾರು ಕೇಳುವ ಪ್ರಾಧಿಕಾರದ ಮುಂದೆ ನಿಲ್ಲದಿದ್ದರೆ, ಮಾಲೀಕನ ವ್ಯಾಜ್ಯದ ಖರ್ಚನ್ನು ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ತೆರಬೇಕು. ಇದನ್ನು ಓದಿದಾಗ ನಮಗೆ ಆನಂದಬಾಷ್ಪ ಬಂದದ್ದು ನಿಜ. ಆದರೆ ತಮ್ಮ ವಾಕ್ಯ ಅಲ್ಲಿಗೆ ಮುಗಿಯಲಿಲ್ಲ. ಮಾಲೀಕ ವಿಪರೀತ ಕೇಳಿದ್ದರೆ ಕಡಿತ. ತನ್ನ ಅಹವಾಲು ಹೇಳುವುದರಲ್ಲಿ ಅಲಕ್ಷ್ಯ ತೋರಿದ್ದರೂ ಕಡಿತ. ವಿಪರೀತವೂ ಅಲ್ಲದ, ಅಲಕ್ಷ್ಯವೂ ಅಲ್ಲದ ಮೊತ್ತ ಯಾವುದೆಂದು ತಿಳಿಯಲು ಮೌಲ್ಯಮಾಪಕ ಬೇಕು. ಅವನ ಫೀಸನ್ನು ಮೊದಲೇ ಎಣಿಸಬೇಕು. ಗೆದ್ದರೆ ತಾವು ಇದ್ದೀರಿ. ಸೋತವನಿಗೆ ಸಾಲ ಇದೆ. ಕೊಟ್ಟದ್ದನ್ನು ತೆಪ್ಪಗೆ ತೆಗೆದುಕೊಂಡವನಿಗೆ ತಮ್ಮ ದರ್ಶನವೇ ಇಲ್ಲ.

ತಮ್ಮ ಬಂಧುಗಳ ಗುಣಗಾನವನ್ನೂ ಮಾಡಬೇಕು. 26ನೆಯವರು ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳನ್ನು ತೆಗೆದು, ಮೇಲಿನ ಅರ್ಧದ ಸರಾಸರಿ ನೋಡುತ್ತಾರೆ. ಸ್ಟಾಂಪು ಡ್ಯೂಟಿ ಉಳಿಸಲೆಂದು ನಾವೇ ಸಬ್ ರಿಜಿಸ್ಟ್ರಾರ್ ಮುಂದೆ ನಮ್ಮ ತೋಟಗಳನ್ನು ಬಡವಾಗಿಸಿ ಬರೆಸಿದ್ದೆವು. ಆ ಪತ್ರಗಳೇ ಈಗ ನಮ್ಮ ವಿರುದ್ಧ ಸಾಕ್ಷಿ ನುಡಿಯುತ್ತಿವೆ. ಈ ಸಾಧನೆಯಲ್ಲಿ ನಮ್ಮ ಪಾಲೂ ಇದೆಯೆಂದು ಸಭೆ ವಿನಯದಿಂದ ಒಪ್ಪುತ್ತದೆ. 30ನೆಯವರು ಸಾಂತ್ವನವೆಂದು ನೂರಕ್ಕೆ ನೂರು ಸೇರಿಸುತ್ತಾರೆ. ಮೂಲ ಬೆಲೆ ಕುಳ್ಳಾಗಿದ್ದರೆ ಸಾಂತ್ವನವೂ ಕುಳ್ಳೇ.

29ನೆಯವರಂತೂ ಉದಾರಿಗಳು. ಮನೆಗೆ ಎಂಜಿನಿಯರು, ಗಿಡಮರಕ್ಕೆ ತೋಟಗಾರಿಕೆ, ಅರಣ್ಯದ ಅನುಭವಿಗಳು: ಎಲ್ಲರನ್ನೂ ಜಿಲ್ಲಾಧಿಕಾರಿ ಕರೆಸಿಕೊಳ್ಳಬಹುದು. ಅವರು ಬಂದು ರೋಬಸ್ಟಾ ಗಿಡ ಎಣಿಸಿದರು, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ಎಣಿಸಿದರು, ಮಹಜರಿಗೆ ಸಹಿ ಹಾಕಿಸಿಕೊಂಡರು. ಅನ್‌ರಿಡೀಮ್ಡ್, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗವಾದರೆ, ನೆರಳಿಗೆಂದು ನಾವು ತಲೆಮಾರುಗಳಿಂದ ಕಾಪಾಡಿದ ಬೀಟೆ ಮರದ ಮೇಲೆ ಹಕ್ಕು ಹೇಳುವವರು ಬೇರೆಯೇ ಇದ್ದಾರೆ. ವಂಶಪಾರಂಪರ್ಯದ ಜಮ್ಮಾ ಜಾಗದಲ್ಲಿ ಪಟ್ಟೆದಾರರ ಹೆಸರಿನ ಹಿಂದೆ ಇಡೀ ಒಕ್ಕವೇ, ಅಂದರೆ ಕುಲದ ಕುಟುಂಬವೇ, ನಿಂತಿರುವಾಗ, ವಂಶವೃಕ್ಷ ಬರೆಸುವಷ್ಟರಲ್ಲಿ ಒಂದು ಕಾಫಿ ಕೊಯ್ಲು ಮುಗಿಯುತ್ತದೆ. ಸರ್ಕಾರದ ಎಣಿಕೆಗೆ ಸರ್ಕಾರದ ಸಂಬಳ. ನಮ್ಮ ಎಣಿಕೆಗೆ ನಮ್ಮ ಜೇಬು.

ಮಾನ್ಯರೇ, ತಾವು ಮೈಸೂರಿನಿಂದ ಇಲ್ಲಿಗೆ ದಯಮಾಡಿಸಿದ್ದು ರಾಷ್ಟ್ರೀಯ ಹೆದ್ದಾರಿ 275ರಲ್ಲಿ. ವಿಪರ್ಯಾಸ ನೋಡಿ, ಅದೇ ಹೆದ್ದಾರಿಗೆ ನಮ್ಮ ತೋಟ ಹೋದರೆ ತಮಗೆ ಪ್ರವೇಶವಿಲ್ಲ. ಅಲ್ಲಿ 1956ರ ಹೆದ್ದಾರಿ ಕಾಯ್ದೆಯ ರಾಜ್ಯಭಾರ. ಬೆಲೆ ಒಪ್ಪದವನು ಕೇಂದ್ರ ಸರ್ಕಾರವೇ ನೇಮಿಸಿದ ಮಧ್ಯಸ್ಥಗಾರರ ಬಾಗಿಲಿಗೆ ಹೋಗಬೇಕು. ಸಾಂತ್ವನ ಧನ, ಬಡ್ಡಿ ಅಲ್ಲೂ ಸಲ್ಲಬೇಕೆಂದು 2019ರಲ್ಲಿ ತರ್ಸೆಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಸಾಂತ್ವನಕ್ಕೂ ಬಡ್ಡಿಗೂ ಸಿಕ್ಕ ಪಾಸು ತಮಗಿನ್ನೂ ಸಿಕ್ಕಿಲ್ಲ.

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ತಮ್ಮ ದೂರದ ದಾಯಾದಿಯೊಬ್ಬರಿದ್ದಾರಂತೆ. ಜಾಗ ಕಿತ್ತುಕೊಳ್ಳುವವರೇ ಮಾಲೀಕನ ಮೌಲ್ಯಮಾಪಕನ ನ್ಯಾಯವಾದ ಫೀಸನ್ನೂ ವಕೀಲರ ಫೀಸನ್ನೂ ಕೊಡಬೇಕೆಂದು ಅವರು ಅಪ್ಪಣೆ ಕೊಡಿಸಿದ್ದಾರೆ. ಅವರ ಸಹವಾಸ ತಮಗೂ ಸ್ವಲ್ಪ ತಗುಲಲಿ. ನೋಟಿಸಿನ ಜೊತೆಯಲ್ಲೇ ಮಾಲೀಕನ ಒಂದು ಮೌಲ್ಯಮಾಪನದ ಖರ್ಚನ್ನೂ ಕಳುಹಿಸುವಷ್ಟು ತಾವು ಬೆಳೆಯಿರಿ. ಗೆಲುವು ಸೋಲು ಆಮೇಲಿನ ಮಾತು.

ಈಗ ಹಾರಾರ್ಪಣೆ. ಏಲಕ್ಕಿ ಹಾರ, ಶಾಲು, ಒಂದು ಬುಟ್ಟಿ ಕೊಡಗಿನ ಕಿತ್ತಳೆ. ರಸೀದಿಗಳನ್ನು ಇದರೊಂದಿಗೇ ಲಗತ್ತಿಸಿದ್ದೇವೆ. ಹಾರ ವಿಪರೀತವಾಯಿತೆಂದು ಕಡಿತ ಮಾಡದೆ, ಪೂರ್ತಿ ಮಂಜೂರು ಮಾಡಬೇಕಾಗಿ ವಿನಂತಿ.