ಮಾವನವರಿಗೆ ಅರ್ಧ ಕೆಜಿ ಬೀಜ

ಸಿಯಾಟಲ್‌ನಲ್ಲಿ ಕಾಫಿ ಕುಡಿಯುವುದು ಸುಲಭ, ಕಾಫಿ ಬೀಜ ಕೊಳ್ಳುವುದು ಕಷ್ಟ. ಊರಲ್ಲಾದರೆ ಪುಡಿ ಅಂಗಡಿಯ ಮುಂದೆ ನಿಂತು "ಅರ್ಧ ಕೆಜಿ, ಎಂಬತ್ತು-ಇಪ್ಪತ್ತು" ಅಂದರೆ ಮುಗಿಯಿತು. ಅಂಗಡಿಯವರು ತಲೆ ಕೂಡ ಎತ್ತದೆ ಬೀಜ ತೂಗಿ, ಮಿಷನ್ನಿಗೆ ಸುರಿದು, ಚಿಕೋರಿ ಬೆರೆಸಿ ಬಿಸಿ ಪೊಟ್ಟಣವನ್ನು ಕೈಗಿಡುತ್ತಾರೆ. ಇಲ್ಲಿಯ ಹುಡುಗ ಮೊದಲು ನಮ್ಮ ಪೂರ್ವಾಪರ ವಿಚಾರಿಸುತ್ತಾನೆ. ಯಾವುದರಲ್ಲಿ ಸೋಸುತ್ತೀರಿ? ಹಾಲು ಹಾಕುತ್ತೀರಾ? ಹಣ್ಣಿನ ರುಚಿ ಇಷ್ಟವೋ, ಚಾಕೊಲೇಟಿನದೋ? ಕಾಫಿಗೆ ಕಾಫಿಯ ರುಚಿ ಇದ್ದರೆ ಸಾಕಪ್ಪ ಅನ್ನುವ ಧೈರ್ಯ ನನಗಿನ್ನೂ ಬಂದಿಲ್ಲ.

1971ರಲ್ಲಿ ಇದೇ ಊರಲ್ಲಿ ಶುರುವಾದ ಸ್ಟಾರ್‌ಬಕ್ಸ್ ಕೂಡ ಆಗ ಹುರಿದ ಬೀಜ ಮಾರುವ ಅಂಗಡಿಯಷ್ಟೇ. ಕಪ್ಪಿನಲ್ಲಿ ಕಾಫಿ ಮಾರುವ ಬುದ್ಧಿ ಆಮೇಲೆ ಬಂದದ್ದು. ಮಲ್ಲೇಶ್ವರದ ಪುಡಿ ಅಂಗಡಿಗೂ ಅದಕ್ಕೂ ಆಗ ಚಿಕೋರಿಯೊಂದೇ ಅಂತರ.

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಮಗನದು ಇಥಿಯೋಪಿಯಾ ಪಕ್ಷ. ತಿಳಿಯಾಗಿ ಹುರಿದ ಬೀಜ, 15 ಗ್ರಾಂ ಪುಡಿಗೆ 250 ಗ್ರಾಂ ನೀರು, ತಕ್ಕಡಿ, ಥರ್ಮಾಮೀಟರ್, ಕೊಕ್ಕರೆ ಕತ್ತಿನ ಕೆಟಲ್. ಹಾಲು ಹಾಕಿದರೆ ಅವನ ಪಾಲಿಗೆ ಸೂತಕ. ಹೆಂಡತಿಯದು ಯಾವುದಕ್ಕೆ ರಿಯಾಯಿತಿ ಇದೆಯೋ ಆ ಪಕ್ಷ. ನಾನು ಕಾರು ಓಡಿಸುತ್ತೇನೆ.

ಇಂಥ ಮನೆಗೆ ಕೊಪ್ಪದಿಂದ ಮಾವ ಬಂದಿಳಿದರು. ಅಡಿಕೆ, ಕಾಫಿ ಬೆಳೆದು ಬಾಳಿದವರು. ಊರಿಂದ ತಂದ ಪುಡಿ ಮುಗಿದ ದಿನ ಮೊಮ್ಮಗ ತನ್ನ ಇಥಿಯೋಪಿಯಾ ಸೋಸಿಕೊಟ್ಟ. ಮಾವ ಥರ್ಮಾಮೀಟರ್ ನೋಡಿ "ಜ್ವರ ಯಾರಿಗೆ?" ಎಂದರು, ಕಾಫಿ ನೋಡಿ "ಇದು ಯಾವ ಕಷಾಯ?" ಎಂದರು. ಅದಕ್ಕೇ ಹಾಲು ಬೆರೆಸಿದೆವು. ಕೆಟ್ಟಿತು. ತಿಳಿ ಹುರಿದ ಬೀಜಕ್ಕೆ ಒಂದು ಹುಳಿ ಇರುತ್ತದೆ, ಅದು ಹಾಲಿನ ಜೊತೆ ಸಂಸಾರ ಮಾಡುವುದಿಲ್ಲ. ಮಾವ ಎದ್ದು ಕೋಟು ಹಾಕಿಕೊಂಡರು.

ಅಂಗಡಿಯಲ್ಲಿ ಕನ್ನಡಕ ಏರಿಸಿ ಒಂದೊಂದೇ ಚೀಲ ಓದತೊಡಗಿದರು. "2,000 ಮೀಟರ್ ಎತ್ತರದಲ್ಲಿ ಬೆಳೆದದ್ದಂತೆ! ಮುಳ್ಳಯ್ಯನಗಿರಿಯೇ 1,930. ಅದರ ನೆತ್ತಿ ಮೇಲೆ ಏಣಿ ಇಟ್ಟಿದ್ರಾ?" ಇಥಿಯೋಪಿಯಾದ ಬೆಟ್ಟಗಳೇ ಬೇರೆ ಎಂದು ಮಗ ಹೇಳಿದ್ದು ಕಿವಿಗೆ ಬೀಳಲಿಲ್ಲ. ಬ್ಲೂಬೆರಿ, ಮಲ್ಲಿಗೆ, ಜೇನು ಎಂದು ಬರೆದಿದ್ದ ಚೀಲವನ್ನು "ಪೂಜೆಗಾಗ್ತದೆ" ಎಂದು ವಾಪಸಿಟ್ಟರು. ಆಮೇಲೆ ಕಣ್ಣಿಗೆ ಬಿದ್ದದ್ದು 'ನ್ಯಾಚುರಲ್'.

"ನ್ಯಾಚುರಲ್ ಅಂದ್ರೆ ಎಂತ ಮಾರಾಯ?"

"ಹಣ್ಣನ್ನ ಸಿಪ್ಪೆ ಸಮೇತ ಒಣಗಿಸೋದು ಅಜ್ಜ. ತುಂಬಾ ಸ್ಪೆಷಲ್."

"ಅದು ಚೆರ್ರಿ ಅಲ್ವನಾ! ಸಿಪ್ಪೆ ಬಿಡಿಸೋ ಪಲ್ಪರ್ ಕೆಟ್ಟ ವರ್ಷ ನಾವು ಮಾಡೋದು. ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟಿನ ರೇಟು ಅದಕ್ಕೆ ಯಾರು ಕೊಡ್ತಾರೆ?"

ಇಲ್ಲಿ ಕೊಡುತ್ತಾರೆ. 340 ಗ್ರಾಮಿಗೆ 22 ಡಾಲರ್. ಮಾವ ಬೆಳೆಗಾರರು, ಅವರ ಲೆಕ್ಕ ಏನಿದ್ದರೂ 50 ಕೆಜಿ ಚೀಲದ್ದು. ಮೊಮ್ಮಗ ಫೋನಿನಲ್ಲಿ ಗುಣಿಸಿ, ರೂಪಾಯಿಗೆ ತಿರುಗಿಸಿ ಹೇಳಿದ: ಹೆಚ್ಚುಕಡಿಮೆ ಮೂರು ಲಕ್ಷ. ಮಾವ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಿ, ದುಡ್ಡು ಕಂತಿನಲ್ಲಿ ಬರುವುದನ್ನು ಕಾಯುತ್ತಿದ್ದ ಕಾಲದವರು ಅವರು. ಆ ವ್ಯವಸ್ಥೆ ಹೋದದ್ದು 1990ರ ದಶಕದಲ್ಲಿ. ಸ್ವಲ್ಪ ನೀರು ಕುಡಿದು ಚೇತರಿಸಿಕೊಂಡರು.

ಆಮೇಲೆ ಚೀಲದ ಮೇಲಿನ ಸಣ್ಣ ತೂತು ಎಂಥದ್ದೆಂದು ವಿಚಾರಣೆ. ಹುರಿದ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಅದು ಹೊರಗೆ ಹೋಗಬೇಕು, ಗಾಳಿ ಮಾತ್ರ ಒಳಗೆ ಬರಬಾರದು, ಅದಕ್ಕೊಂದು ಕವಾಟ. ವಿಷಯ ತಿಳಿದದ್ದೇ ತಡ, ಮಾವ ಕಪಾಟಿನ ಈ ತುದಿಯಿಂದ ಆ ತುದಿವರೆಗೆ ಪ್ರತಿ ಚೀಲದ ಹೊಟ್ಟೆ ಒತ್ತಿ, ತೂತಿಗೆ ಮೂಗಿಟ್ಟು ಎಳೆಯುತ್ತ ನಡೆದರು. "ಹಳತು. ಕಮಟು. ಸೀದಿದೆ. ಇದಕ್ಕೆ ವಾಸನೆಯೇ ಇಲ್ಲ." ಮಗ ಹಿಂದೆ ಹಿಂದೆಯೇ ಹೋಗಿ ಹುರಿದ ತಾರೀಖು ನೋಡಿದ. 'ಹಳತು' ಅಂದದ್ದು ಎರಡು ತಿಂಗಳ ಹಿಂದಿನದು. ಅಂಗಡಿಯ ಹುಡುಗ ಮೊದಲು ಗಾಬರಿಯಾದವನು ಈಗ ಕೈಕಟ್ಟಿ ನಿಂತಿದ್ದ.

"ಪೀಬೆರಿ ಉಂಟಾ ಕೇಳಿ ಅಳಿಯಂದ್ರೇ."

ಇತ್ತು. ತಾಂಜಾನಿಯಾದ್ದು. ಹಣ್ಣಿನೊಳಗೆ ಎರಡು ಚಪ್ಪಟೆ ಬೀಜದ ಬದಲು ಒಂಟಿಯಾಗಿ ಗುಂಡಗೆ ಬೆಳೆದದ್ದು. ಮಾವ ಅಂಗೈಯಲ್ಲಿ ಹರವಿ, ಚಪ್ಪಟೆಯ ಎರಡು ಬೀಜ ಹೆಕ್ಕಿ ಹುಡುಗನಿಗೆ ವಾಪಸು ಕೊಟ್ಟರು. ಸ್ವಲ್ಪ ಕಪ್ಪಗೆ ಹುರಿದದ್ದೇ ಬೇಕೆಂದು ಹಟ ಹಿಡಿದು, ಅರ್ಧ ಕೆಜಿ ತೂಗಿಸಿದರು.

ಚಿಕೋರಿಗೆ ನ್ಯೂ ಆರ್ಲಿಯನ್ಸ್ ಗತಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬಂದರು ಮುಚ್ಚಿ ಕಾಫಿ ಸಿಗದೆ ಅಲ್ಲಿನವರು ಬೆರೆಸಿ ಕುಡಿದರು, ರೂಢಿ ಉಳಿಯಿತು. ಅಲ್ಲಿಯ ಕೆಫೆ ಡು ಮಾಂಡ್‌ನ ಡಬ್ಬಿಯಲ್ಲಿ ಚಿಕೋರಿ ಬೆರೆಸಿದ ಪುಡಿಯೇ ಸಿಗುತ್ತದೆ. ಹೆಂಡತಿ ಅದರಿಂದ ಎರಡು ಚಮಚ ಬೆರೆಸಿದಳು. "ಅಪ್ಪಯ್ಯ, ಸುಮ್ನೆ ಕುಡಿ, ತಪ್ಪು ಹುಡುಕಬೇಡ" ಎಂದು ಮೊದಲೇ ಎಚ್ಚರಿಸಿ, ಡಿಕಾಕ್ಷನ್ ಇಳಿಸಿ, ಹಾಲು ಉಕ್ಕಿಸಿ ಲೋಟ ಮುಂದಿಟ್ಟಳು. ನಾವು ಮೂವರೂ ಪರೀಕ್ಷೆಯ ಫಲಿತಾಂಶಕ್ಕೆಂಬಂತೆ ನಿಂತೆವು.

ಮಾವ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು.

"ಕಾಫಿ ಅಡ್ಡಿಲ್ಲ," ಎಂದರು. "ಸಕ್ಕರೆ ಯಾವ ಊರಿಂದು?"