ಮೊದಲು ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿ

ಯೂರೋಪಿಯನ್ ಒಕ್ಕೂಟದ ರಾಷ್ಟ್ರಗಳ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಒಕ್ಕೂಟದಲ್ಲಿ ಸುಮಾರು 60 ಲಕ್ಷ ರೋಮಾ ಜನರಿದ್ದಾರೆಂದು ನಿಮ್ಮದೇ ಅಂದಾಜು ಹೇಳುತ್ತದೆ. ಅವರ ಬದುಕು ಹಸನಾಗಲೆಂದು ಯೋಜನೆಯ ಮೇಲೆ ಯೋಜನೆ ಬಂದಿದೆ. 2005ರಲ್ಲಿ ಮಧ್ಯ ಮತ್ತು ಪೂರ್ವ ಯೂರೋಪಿನ ಸರ್ಕಾರಗಳು ‘ರೋಮಾ ಸೇರ್ಪಡೆಯ ದಶಕ’ವನ್ನು ಘೋಷಿಸಿದವು. 2011ರಲ್ಲಿ ಯೂರೋಪಿಯನ್ ಕಮಿಷನ್ ಶಿಕ್ಷಣ, ಉದ್ಯೋಗ, ಆರೋಗ್ಯ, ವಸತಿ ಈ ನಾಲ್ಕಕ್ಕೂ ರಾಷ್ಟ್ರವಾರು ಕಾರ್ಯತಂತ್ರ ರೂಪಿಸಿ ಎಂದಿತು. ಈಗ ಜಾರಿಯಲ್ಲಿರುವ, 2020ರ ಅಕ್ಟೋಬರ್‌ನಲ್ಲಿ ಹೊರಬಂದ ಕಾರ್ಯಚೌಕಟ್ಟಿನ ಗಡುವು 2030. ಪ್ರತ್ಯೇಕ ಪ್ರಾಥಮಿಕ ಶಾಲೆಗಳಲ್ಲಿ ಓದುವ ರೋಮಾ ಮಕ್ಕಳ ಪ್ರಮಾಣವನ್ನು ಕನಿಷ್ಠ ಅರ್ಧಕ್ಕೆ ಇಳಿಸಬೇಕು ಎಂಬ ಗುರಿ ಅದರಲ್ಲಿದೆ. ಉಳಿದೆಲ್ಲ ಗುರಿಗಳಿಗಿಂತ ಇದನ್ನು ಮುಂದಿಡಿ, ಅರ್ಧಕ್ಕೆ ನಿಲ್ಲಿಸಬೇಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಜೆಕ್ ಗಣರಾಜ್ಯದ ಓಸ್ತ್ರಾವಾ ನಗರದಲ್ಲಿ ನಡೆದದ್ದು ನಿಮಗೆಲ್ಲ ಗೊತ್ತಿದೆ. ನಮ್ಮ ಓದುಗರಿಗೂ ಗೊತ್ತಾಗಬೇಕು. 1996 ಮತ್ತು 1999ರ ನಡುವೆ ಅಲ್ಲಿ 18 ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರಿಗೆಂದು ಇದ್ದ ‘ವಿಶೇಷ ಶಾಲೆ’ಗಳಿಗೆ ಹಾಕಲಾಯಿತು. ಮಗುವಿಗೆ ಒಂದು ಪರೀಕ್ಷೆ, ತಂದೆತಾಯಿಗೆ ಸಹಿ ಹಾಕಲು ಒಂದು ಒಪ್ಪಿಗೆ ಪತ್ರ, ಇಷ್ಟರಲ್ಲೇ ಕೆಲಸ ಮುಗಿಯುತ್ತಿತ್ತು. ಆ ಪರೀಕ್ಷೆಯನ್ನು ರೋಮಾ ಮಗುವಿನ ಮನೆಮಾತನ್ನಾಗಲಿ, ಬೆಳೆದ ರೀತಿಯನ್ನಾಗಲಿ ಲೆಕ್ಕಕ್ಕೆ ತೆಗೆದುಕೊಂಡು ಸಿದ್ಧಪಡಿಸಿರಲಿಲ್ಲ. ಸಾಮಾನ್ಯ ಶಾಲೆಗಿಂತ ಕೆಳಮಟ್ಟದ ಪಾಠ ಕಲಿತು ಹೊರಬಂದವರಿಗೆ ಮುಂದಿನ ಓದಿನ ದಾರಿಗಳು ಬಹುಪಾಲು ಮುಚ್ಚಿರುತ್ತಿದ್ದವು. ಮಗುವಿಗೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಅದರ ಇಡೀ ದುಡಿಮೆಯ ಬದುಕನ್ನು ಸರ್ಕಾರ ತೀರ್ಮಾನಿಸಿಬಿಟ್ಟಿತ್ತು.

ಆ ನಗರದ ಪ್ರಾಥಮಿಕ ಶಾಲಾ ಮಕ್ಕಳಲ್ಲಿ ರೋಮಾ ಮಕ್ಕಳು ನೂರಕ್ಕೆ ಮೂವರೂ ಇರಲಿಲ್ಲ. ವಿಶೇಷ ಶಾಲೆಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಅವರೇ. ಬೇರೆ ಮಗುವಿಗಿಂತ ರೋಮಾ ಮಗು ಅಲ್ಲಿಗೆ ಹೋಗುವ ಸಾಧ್ಯತೆ 27 ಪಟ್ಟು ಹೆಚ್ಚು ಎಂಬ ಅಂಕಿಅಂಶವನ್ನು, ಆ 18 ಮಕ್ಕಳು ಹೂಡಿದ ಮೊಕದ್ದಮೆಯಲ್ಲಿ ಅವರ ಪರ ವಕೀಲರು ಮುಂದಿಟ್ಟರು. 2006ರಲ್ಲಿ ಸೋತ ಆ ಮಕ್ಕಳು 2007ರ ನವೆಂಬರ್ 13ರಂದು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠದ ಮುಂದೆ ಗೆದ್ದರು. ತಾರತಮ್ಯಕ್ಕೆ ಒಳಗಾಗದಿರುವ ಹಕ್ಕನ್ನು ಪೋಷಕರ ಸಹಿಯೂ ಬಿಟ್ಟುಕೊಡಲಾರದು ಎಂದಿತು ಆ ತೀರ್ಪು. ಪ್ರತಿ ಮಗುವಿಗೆ ಸಿಕ್ಕಿದ ಪರಿಹಾರ 4,000 ಯೂರೋ.

ತೀರ್ಪು ಬರುವ ಮೊದಲೇ ವಿಶೇಷ ಶಾಲೆಗಳ ಹೆಸರು ಬದಲಾಗಿತ್ತು, ಮಕ್ಕಳು ಬದಲಾಗಿರಲಿಲ್ಲ. 2014ರಲ್ಲಿ ಜೆಕ್ ಗಣರಾಜ್ಯದ ಮೇಲೆ, 2015ರಲ್ಲಿ ಸ್ಲೊವಾಕಿಯಾ ಮೇಲೆ, 2016ರಲ್ಲಿ ಹಂಗೇರಿಯ ಮೇಲೆ ಕಮಿಷನ್ ಕಾನೂನು ಕ್ರಮ ಶುರುಮಾಡಿತು. ಸ್ಲೊವಾಕಿಯಾದ ಪ್ರಕರಣ ಒಕ್ಕೂಟದ ನ್ಯಾಯಾಲಯದ ಮೆಟ್ಟಿಲೇರುವ ತೀರ್ಮಾನವಾಗಲು 2023 ಬರಬೇಕಾಯಿತು. ಆ ಎಂಟು ವರ್ಷಗಳಲ್ಲಿ ಒಂದನೇ ತರಗತಿಗೆ ಸೇರಿದ ಮಗು ಹೆಚ್ಚುಕಡಿಮೆ ಹೈಸ್ಕೂಲಿನ ಹೊಸ್ತಿಲಿಗೆ ಬಂದಿರುತ್ತದೆ. ಅದರ ಪಾಲಿಗೆ ಇನ್ನು ಯಾವ ತೀರ್ಪು ಬಂದರೇನು?

ಹಂಗೇರಿಯ ಗ್ಯೋಂಗ್ಯೋಷ್‌ಪಾತಾ ಊರಿನಲ್ಲಿ ರೋಮಾ ಮಕ್ಕಳನ್ನು ವರ್ಷಗಟ್ಟಲೆ ಬೇರೆ ತರಗತಿಗಳಲ್ಲಿ ಕೂರಿಸಿದ್ದು ಸಾಬೀತಾಗಿ, 2020ರ ಮೇ ತಿಂಗಳಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಹಣದ ಪರಿಹಾರವನ್ನೇ ಎತ್ತಿಹಿಡಿಯಿತು. ದುಡಿಯದೆ ದುಡ್ಡು ಪಡೆಯುವುದು ಉಳಿದ ಊರಿನವರಿಗೆ ಅನ್ಯಾಯ ಎಂಬರ್ಥದ ಮಾತನ್ನು ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಆಡಿದ್ದರು. ಮುಂದೆ ಇಂಥ ಪ್ರಕರಣಗಳಲ್ಲಿ ಪರಿಹಾರವನ್ನು ಹಣದ ಬದಲು ತರಬೇತಿಯ ರೂಪದಲ್ಲಿ ಕೊಡುವಂತೆ ಕಾನೂನನ್ನೇ ತಿದ್ದಲಾಯಿತು. ಮಾನ್ಯರೇ, ಅಕ್ಷರ ಕಿತ್ತುಕೊಂಡವರು ಕೊಡಬೇಕಾದ ದಂಡ ಅದು. ಅದನ್ನು ಭಿಕ್ಷೆ ಎಂದು ಕರೆದರೆ ಆ ಮಕ್ಕಳಿಗೆ ಎರಡನೇ ಸಲ ಅವಮಾನ ಮಾಡಿದಂತೆ.

‘ಅವರಿಗೇ ಓದು ಬೇಡ’ ಎಂಬ ಮಾತನ್ನು ನಿಮ್ಮ ಊರುಗಳಲ್ಲಿ ಇನ್ನೂ ಆಡುತ್ತಾರೆ. ಸರ್ಕಾರವೆಂದರೆ ಅವರಿಗೆ ಏನಾಗಿತ್ತು ಎಂಬುದನ್ನು ನೆನೆಯಿರಿ. ಮೊಲ್ಡೇವಿಯಾ, ವಲಾಕಿಯಾಗಳಲ್ಲಿ 1855-56ರವರೆಗೂ ರೋಮಾ ಜನ ಮಾರಾಟಕ್ಕಿದ್ದ ಗುಲಾಮರು. ಹದಿನೆಂಟನೇ ಶತಮಾನದಲ್ಲಿ ಮಾರಿಯಾ ತೆರೇಸಾ ರಾಣಿಯ ಆಜ್ಞೆಗಳು ಅವರ ಮಕ್ಕಳನ್ನು ಕಿತ್ತು ಬೇರೆ ಮನೆಗಳಿಗೆ ಒಪ್ಪಿಸಿದವು. 1944ರ ಆಗಸ್ಟ್ 2ರ ರಾತ್ರಿ ಆಶ್ವಿಟ್ಜ್-ಬಿರ್ಕೆನಾವ್‌ನಲ್ಲಿ ಸಾವಿರಾರು ರೋಮಾ ಮತ್ತು ಸಿಂಟಿ ಜನರನ್ನು ನಾಜಿಗಳು ಕೊಂದರು. ಜೆಕ್ ನೆಲದ ಲೇಟಿಯಲ್ಲಿ ರೋಮಾ ಜನರನ್ನು ಕೂಡಿಹಾಕಿದ್ದ ಯಾತನಾ ಶಿಬಿರದ ಜಾಗದಲ್ಲಿ 1970ರ ದಶಕದಲ್ಲಿ ಹಂದಿ ಸಾಕಣೆ ಕೇಂದ್ರ ಎದ್ದಿತು. ಅದನ್ನು ಕೆಡವಿದ್ದು 2022ರಲ್ಲಿ. ಒಪ್ಪಿಗೆಯಿಲ್ಲದೆ ಸಂತಾನಶಕ್ತಿಹರಣ ಚಿಕಿತ್ಸೆಗೆ ಒಳಗಾದ ಹೆಂಗಸರಿಗೆ ಆ ದೇಶ ಪರಿಹಾರದ ಕಾನೂನು ತಂದದ್ದು 2021ರಲ್ಲಿ. ಇಷ್ಟೆಲ್ಲ ಕಂಡ ತಾಯಿ ಸರ್ಕಾರಿ ಕಾಗದವನ್ನು ಅನುಮಾನದಿಂದ ನೋಡಿದರೆ ತಪ್ಪು ಅವಳದಲ್ಲ. ನಂಬಿಕೆಯ ಮೊದಲ ಹೆಜ್ಜೆಯನ್ನು ನೀವೇ ಇಡಬೇಕು.

ಉದ್ಯೋಗ ಯೋಜನೆಗಳು ಬೇಡವೆನ್ನುತ್ತಿಲ್ಲ. ಸ್ಪೇನ್‌ನಲ್ಲಿ 2000ದಲ್ಲಿ ಆರಂಭವಾದ ‘ಅಕ್ಸೆದೆರ್’ ಕಾರ್ಯಕ್ರಮ ಸಾವಿರಾರು ಜನರಿಗೆ ಕೆಲಸ ದೊರಕಿಸಿದೆ. ರುಮೇನಿಯಾದಲ್ಲಿ ರೋಮಾ ಹೆಂಗಸರೇ ಆರೋಗ್ಯ ಸಂಪರ್ಕ ಕಾರ್ಯಕರ್ತೆಯರಾಗಿ ತಮ್ಮ ಕೇರಿ ಮತ್ತು ಆಸ್ಪತ್ರೆಯ ನಡುವೆ ದಾರಿ ಮಾಡಿಕೊಟ್ಟಿದ್ದಾರೆ. ಆದರೆ ಆರನೇ ವಯಸ್ಸಿನಲ್ಲಿ ಮಗುವನ್ನು ಬೇರೆ ಕೋಣೆಗೆ ಕಳಿಸಿ, ಇಪ್ಪತ್ತಕ್ಕೆ ಕೌಶಲ ತರಬೇತಿ ಕೊಡುವುದೆಂದರೆ ಬೇರಿಗೆ ಬಿಸಿನೀರು ಹೊಯ್ದು ಎಲೆಗೆ ತಣ್ಣೀರು ಚಿಮುಕಿಸಿದಂತೆ. ನಿಮ್ಮದೇ ಮೂಲಭೂತ ಹಕ್ಕುಗಳ ಸಂಸ್ಥೆಯ 2016ರ ಸಮೀಕ್ಷೆಯಲ್ಲಿ ರೋಮಾ ಜನರಲ್ಲಿ ಶೇಕಡಾ 80 ಮಂದಿ ಬಡತನದ ಅಂಚಿನಲ್ಲಿದ್ದರು. 2021ರಲ್ಲೂ ಅಷ್ಟೇ ಇದ್ದರು.

ಮಾಡಬೇಕಾದದ್ದು ನಿಮಗೆ ತಿಳಿಯದ್ದೇನಲ್ಲ. ಶಾಲೆಗಳ ವ್ಯಾಪ್ತಿಯ ಗಡಿಗಳನ್ನು ರೋಮಾ ಕೇರಿ ಒಂದು ಕಡೆ, ಉಳಿದ ಊರು ಇನ್ನೊಂದು ಕಡೆ ಬೀಳದಂತೆ ಮತ್ತೆ ಎಳೆಯಿರಿ. ದೂರದ ಮಕ್ಕಳಿಗೆ ಬಸ್ ಬಿಡಿ. ಮನೆಮಾತು ಬಲ್ಲ ರೋಮಾ ಶಿಕ್ಷಕರನ್ನು, ಸಹಾಯಕರನ್ನು ಯೋಜನೆ ಮುಗಿದೊಡನೆ ಮನೆಗೆ ಕಳಿಸದೆ ಕಾಯಂ ಮಾಡಿ. ಪ್ರತ್ಯೇಕತೆಯನ್ನು ಉಳಿಸುವ ಯಾವ ಕಟ್ಟಡಕ್ಕೂ ಒಕ್ಕೂಟದ ಒಂದು ಯೂರೋ ಹೋಗಬಾರದು. ರೋಮಾ ಮಗು ಬಂದ ಕೂಡಲೇ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುವ ಪೋಷಕರ ಮುಂದೆ ನಿಂತು, ಇದು ಸರಿಯಲ್ಲ ಎಂದು ಹೇಳಿ. ಮತ ಕಳೆದುಕೊಳ್ಳುವ ಭಯ ಬಿಟ್ಟು ಹೇಳಬೇಕಾದ ಮಾತು ಅದು.

ಕರ್ನಾಟಕದಿಂದ ಇದನ್ನು ಬರೆಯುವುದಕ್ಕೆ ಕಾರಣವಿದೆ. ರೋಮಾನಿ ಭಾಷೆಯ ಮೂಲ ಭಾರತದಲ್ಲಿದೆ. 2016ರಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ರೋಮಾ ಸಮ್ಮೇಳನದಲ್ಲಿ ಅವರನ್ನು ನಮ್ಮವರೆಂದು ಸ್ವಾಗತಿಸಿದೆವು. ಅದಕ್ಕಿಂತ ಹತ್ತಿರದ ಕಾರಣ, ಹುಟ್ಟಿನಿಂದಲೇ ಜನರನ್ನು ಅಪರಾಧಿಗಳ ಪಟ್ಟಿಗೆ ಸೇರಿಸಿದ 1871ರ ಬ್ರಿಟಿಷ್ ಕಾಯ್ದೆ. ಅದರ ಮುಂದುವರಿಕೆಯಾದ ಕಾನೂನು 1952ರಲ್ಲಿ ರದ್ದಾದರೂ ನಮ್ಮ ಅಲೆಮಾರಿ ಸಮುದಾಯಗಳ ಬೆನ್ನಿಗೆ ಅಂಟಿದ ಅನುಮಾನ ಇಂದಿಗೂ ಹೋಗಿಲ್ಲ. ಕಾನೂನು ತೆಗೆದರಷ್ಟೇ ಸಾಲದು, ಪಕ್ಕದಲ್ಲಿ ಕೂತು ಬೆಳೆದವರು ಬೇಕು ಎಂಬುದು ನಮಗೆ ನಮ್ಮ ನೆಲವೇ ಕಲಿಸಿದ ಪಾಠ.

2030ರ ವರದಿಯಲ್ಲಿ ಎಷ್ಟು ಹಣ ಖರ್ಚಾಯಿತೆಂದು ಬರೆಯುವ ಮೊದಲು, ಎಷ್ಟು ಪ್ರತ್ಯೇಕ ಶಾಲೆಗಳು ಮುಚ್ಚಿದವು, ಅಲ್ಲಿದ್ದ ಮಕ್ಕಳು ಈಗ ಯಾವ ಶಾಲೆಯಲ್ಲಿ ಓದುತ್ತಿದ್ದಾರೆ ಎಂಬುದನ್ನು ಊರೂರಿನ ಹೆಸರು ಹಿಡಿದು ಬರೆಯಿರಿ. ನಿಮ್ಮ ಕೆಲಸವನ್ನು ನಾವು ಅಳೆಯುವುದು ಆ ಪುಟದಿಂದ.

ಇಂತಿ,
ಬೆಂಗಳೂರಿನಿಂದ ನಿಮ್ಮ ವಿಶ್ವಾಸಿ